ನಿಂಬೆ ಗಾತ್ರದ ಆಲಿಕಲ್ಲು

"ಓರೆ ಮಾಡ್ರೋ, ಓರೆ! ಚಾವಣಿ ಶೀಟು ಹೊರಗೆ ತೆಗೆಯೋ ಹಾಗೆ ತೆಗೀರಿ" ಎಂದು ಗಿಡ್ಡ ಕೂಗಿದ. ಶವಪೆಟ್ಟಿಗೆಯ ಮೂಲೆ ಬಾಗಿಲ ಚೌಕಟ್ಟಿಗೆ ಬಡಿದು ಬಣ್ಣ ಸುಲಿಯಿತು. ಒಳಗೆ ಮೇಸ್ತ್ರಿ ಒಂದು ಪಕ್ಕಕ್ಕೆ ಜಾರಿದ ಸದ್ದು ಎಲ್ಲರಿಗೂ ಕೇಳಿಸಿತು.

"ಮೆಲ್ಲಗಣ್ಣ" ಎಂದ ಹಿಂದೆ ಹಿಡಿದಿದ್ದವನು.

"ಯಾಕೆ, ಅವನಿಗೆ ನೋವಾಗುತ್ತಾ?"

ಇಬ್ಬರು ನಕ್ಕರು. ಮೇಸ್ತ್ರಿಯ ಹೆಂಡತಿ ಕಣ್ಣಿಗೆ ಬಿದ್ದದ್ದೇ ನಗು ನುಂಗಿಕೊಂಡರು.

ಮೇಸ್ತ್ರಿ ಚಾವಣಿ ರಿಪೇರಿಯವನು. ಮೊನ್ನೆ ಒದ್ದೆ ಚಾವಣಿಯಿಂದ ಜಾರಿ ಬಿದ್ದ. ಗಿಡ್ಡ ಅವನ ಹಳೆಯ ಜೋಡಿದಾರ. ಉಳಿದ ಮೂವರು ಅವನ ಕೈಕೆಳಗೇ ಕೆಲಸ ಕಲಿತವರು. ನಾಲ್ವರೂ ಸೇರಿ ಪೆಟ್ಟಿಗೆಯನ್ನು ಮೇಸ್ತ್ರಿಯ ವ್ಯಾನಿಗೆ ತಳ್ಳಿದರು.

"ಒಡಹುಟ್ಟಿದವರು ಒಬ್ಬರಾದರೂ ಬಂದ್ರಾ?" ಎಂದಳು ಮೇಸ್ತ್ರಿಯ ಹೆಂಡತಿ ಮಗಳ ಕಿವಿಯಲ್ಲಿ. "ಹೆಗಲು ಕೊಟ್ಟೋರು ಇವರೇ. ಮಣ್ಣಾದ ಮೇಲೆ ವ್ಯಾನಿನ ಕೀ ಗಿಡ್ಡನಿಗೇ ಕೊಟ್ಟುಬಿಡ್ತೀನಿ. ನಮ್ಮನ್ನ ಅವನು ಕೈಬಿಡಲ್ಲ."

"ಮೊದಲು ಮಣ್ಣಾಗ್ಲಿ ಇರಮ್ಮ."

ಅಷ್ಟರಲ್ಲಿ ಬಿಳಿ ಅಂಗಿಯ ಮುದುಕರೊಬ್ಬರು ಬಂದು ಕೈಮುಗಿದರು. ಮೇಸ್ತ್ರಿ ಬಿದ್ದದ್ದು ಅವರ ಮನೆಯ ಚಾವಣಿಯಿಂದಲೇ.

"ಏನು ಹೇಳ್ಲಮ್ಮ. ಆದರೆ ನಿಮ್ಮೋರು ಒಳ್ಳೇ ಹುಡುಗರನ್ನ ತಯಾರು ಮಾಡಿದ್ದಾರೆ. ಮೇಸ್ತ್ರಿ ಅಂಗಳದಲ್ಲಿ ಬಿದ್ದಿದ್ದರೂ ಇವರು ಕೆಲಸ ಅರ್ಧಕ್ಕೆ ಬಿಡಲಿಲ್ಲ. ಪೂರ್ತಿ ಮುಗಿಸಿಯೇ ಆಸ್ಪತ್ರೆಗೆ ಎತ್ತಿಕೊಂಡು ಹೋದರು. ಈಗ ಒಂದು ತೊಟ್ಟು ಸೋರಲ್ಲ."

ತಾಯಿ ತಲೆಯಾಡಿಸಿದಳು. ಮಗಳು ಮುದುಕರನ್ನೇ ನೋಡಿದಳು.

"ಆಗ ಅಪ್ಪನಿಗೆ ಉಸಿರಿತ್ತಾ?"

"ಇತ್ತಮ್ಮ. ನೀರು ಕೇಳಿದರು. ನಾನೇ ಕುಡಿಸಿದೆ."

*

ಹಿಂದೆ ಎಲ್ಲೆಲ್ಲಿ ಬಿರುಗಾಳಿ ಬೀಸಿತು, ಎಲ್ಲೆಲ್ಲಿ ಆಲಿಕಲ್ಲು ಬಿತ್ತು ಎಂದು ಹುಡುಕಿಕೊಡುವ ಆಪ್ ಒಂದಿತ್ತು. ದಿನ, ಊರು ಒತ್ತಿದರೆ ನಕ್ಷೆಯ ಮೇಲೆ ಕೆಂಪು ಚುಕ್ಕೆಗಳು. ಚುಕ್ಕೆ ಮುಟ್ಟಿದರೆ ಗಾತ್ರ: ಕಡಲೆ, ನಿಂಬೆ, ಮೊಟ್ಟೆ. ಹವಾಮಾನ ಓದುವವರಿಗೆಂದು ಮಾಡಿದ್ದನ್ನು ಮೇಸ್ತ್ರಿ ಗಿರಾಕಿಗಳ ವಿಳಾಸ ಎಂದು ಓದಿದ. ನಿಂಬೆ ಗಾತ್ರದ್ದು ಬಿದ್ದ ಬೀದಿಯಲ್ಲಿ ಒಡೆಯದ ಚಾವಣಿ ಇರುವುದಿಲ್ಲ. ಮೊದಲು ಬಾಗಿಲು ತಟ್ಟಿದವನಿಗೆ ಬೀದಿಯೇ ಸಿಗುತ್ತದೆ.

ಸಣ್ಣ ಅಕ್ಷರ ಅವನಿಗೆ ಕಾಣುತ್ತಿರಲಿಲ್ಲ. ಮಗಳು ಓದುತ್ತಿದ್ದಳು. ಅಜ್ಜಿ ಸತ್ತ ದಿನವೂ ಫೋನು ಅವಳ ಕೈಯಲ್ಲೇ ಇತ್ತು.

"ನಿಂಬೆ ಗಾತ್ರ, ಅಪ್ಪ. ಹೊಳೆಯಾಚೆ."

ಹೆತ್ತ ತಾಯಿಯ ಪೆಟ್ಟಿಗೆ ಹೆಗಲ ಮೇಲಿತ್ತು. ಮೇಸ್ತ್ರಿ ಯಾರನ್ನೋ ಕರೆದು ಅದರ ಕೆಳಗೆ ನಿಲ್ಲಿಸಿ ಹೊರಟೇಬಿಟ್ಟ. "ಹೆಣ ಎಲ್ಲೂ ಹೋಗಲ್ಲ, ಗಿರಾಕಿ ಹೋಗ್ತಾನೆ" ಎಂದ.

ಆ ಆಪಿಗೆ ಯಾರು ಬೇಕಾದರೂ ವರದಿ ಕಳಿಸಬಹುದಿತ್ತು; ಕಳಿಸಿದೊಡನೆ ಅದನ್ನು ಇಟ್ಟುಕೊಂಡ ರಿಪೇರಿಯವರ ಫೋನುಗಳೆಲ್ಲ ಸದ್ದು ಮಾಡುತ್ತಿದ್ದವು. ಬೇರೆ ರಿಪೇರಿಯವರನ್ನು ದಾರಿ ತಪ್ಪಿಸಬೇಕೆನಿಸಿದಾಗ ಅವನು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಿದ್ದ. "ದೂರದ ಊರು ಹಾಕು ಪುಟ್ಟಿ. ನಿಂಬೆ ಅಂತ ಬರಿ. ಮೊಟ್ಟೆ ಅಂದ್ರೆ ನಂಬಲ್ಲ."

ಹಗ್ಗ ಕಟ್ಟಿಕೊಂಡು ಹತ್ತು ಎಂದು ಹೆಂಡತಿ ಬೇಡಿಕೊಂಡಾಗೆಲ್ಲ ಅವನದು ಒಂದೇ ಮಾತು: "ಕಟ್ಟಿಕೊಳ್ಳೋ ಅಷ್ಟರಲ್ಲಿ ಪಕ್ಕದ ಮನೆಗೆ ಇನ್ನೊಬ್ಬ ಹತ್ತಿರ್ತಾನೆ."

*

ಸ್ಮಶಾನದಲ್ಲಿ ತಾಯಿ ವ್ಯಾನಿನ ಕೀ ಈಸಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗುಂಡಿಯ ಅಂಚಿನಲ್ಲಿ ಅಗೆದ ಮಣ್ಣಿನ ದಿಬ್ಬದ ಮೇಲೆ ಪೆಟ್ಟಿಗೆ ಇಟ್ಟರು. ಇಳಿಸುವುದಕ್ಕೆಂದು ಅದರ ಅಡಿಗೆ ಎರಡು ಹಗ್ಗ ತೂರಿಸಿದರು. ಚಾವಣಿ ಕೆಲಸದ ಹಗ್ಗಗಳೇ.

"ಅಮ್ಮ, ಇವರು ನಮ್ಮ ಜೊತೆ ನಿಲ್ಲಲ್ಲ" ಎಂದಳು ಮಗಳು.

"ಹೋಗೇ. ನಿಮ್ಮಪ್ಪನ ತಟ್ಟೆಯಲ್ಲಿ ಉಂಡವರು."

ಮಗಳು ಸಮಾಧಿಯೊಂದರ ಹಿಂದೆ ಸರಿದು ಫೋನು ತೆಗೆದಳು. ಅಪ್ಪ ಕಲಿಸಿಕೊಟ್ಟ ಹಾಗೆ ದೂರದ ಊರು ಹಾಕಿದಳು. ನಿಂಬೆ ಎಂದು ಬರೆದಳು.

ಮೊದಲು ಪೆಟ್ಟಿಗೆಯ ಹಿಂದೆ ಹಿಡಿದಿದ್ದವನ ಜೇಬು ಸದ್ದು ಮಾಡಿತು, ಆಮೇಲೆ ಗಿಡ್ಡನದು. ಗಿಡ್ಡ ಫೋನು ನೋಡಿದ, ಮೂವರ ಮುಖ ನೋಡಿದ. ಕೊನೆಗೆ ಪೆಟ್ಟಿಗೆ ನೋಡಿದ.

"ಅತ್ತಿಗೆ, ಒಂದು ಗಳಿಗೆ..."

"ಏನಪ್ಪ?"

"ನಿಂಬೆ ಗಾತ್ರ ಬಿದ್ದಿದೆಯಂತೆ. ಊರಿಗೆ ಊರೇ ಒಡೆದಿರುತ್ತೆ. ಕತ್ತಲಾಗೋದರೊಳಗೆ ಮುಟ್ಟಿದರೆ ನಮ್ಮದು." ಅವನು ತಲೆ ಕೆರೆದುಕೊಂಡ. "ಬಂದು ಇಳಿಸ್ತೀವಿ. ಹೆಣ ಎಲ್ಲೂ ಹೋಗಲ್ಲ, ಗಿರಾಕಿ ಹೋಗ್ತಾನೆ. ಅಣ್ಣನೇ ಹೇಳ್ತಿದ್ದನಲ್ಲ?"

ಮಗಳು ಹತ್ತಿರ ಬಂದು ನಿಂತಳು.

"ಅಪ್ಪ ನೀರು ಕೇಳಿದಾಗಲೂ ಹೀಗೇ ಅಂದ್ರಾ ಚಿಕ್ಕಪ್ಪ?"

ಗಿಡ್ಡ ತಾಯಿಯ ಮುಂದೆ ಕೈ ಚಾಚಿದ.

"ವ್ಯಾನಿನ ಕೀ, ಅತ್ತಿಗೆ."

"ಕೊಡಬೇಡಮ್ಮ. ಅಲ್ಲಿ ಏನೂ ಬಿದ್ದಿಲ್ಲ. ನಾನೇ ಬರೆದಿದ್ದು."

ಗಿಡ್ಡ ಗೊಳ್ಳೆಂದು ನಕ್ಕ. "ಅಪ್ಪನ ಮಗಳೇ! ನಮ್ಮನ್ನು ನಿಲ್ಲಿಸೋಕೆ ಏನೆಲ್ಲಾ ಹೇಳ್ತಾಳೆ ನೋಡ್ರೋ."

ತಾಯಿ ಸೊಂಟಕ್ಕೆ ಕೈ ಹಾಕಿದಳು. ಮಗಳು ಆ ಕೈ ಹಿಡಿದಳು. ತಾಯಿ ಬಿಡಿಸಿಕೊಂಡಳು.

"ನಾಳೆ ಊಟಕ್ಕೆ ನೀನು ಹಾಕ್ತೀಯೇನೇ?" ಎಂದು ಕೀ ಕೊಟ್ಟಳು.

ಗಿಡ್ಡ ಓಡಿದ. ಅರ್ಧ ದಾರಿಯಲ್ಲಿ ನಿಂತ, ಏನೋ ನೆನಪಾದವನಂತೆ ತಿರುಗಿ ಬಂದ.

"ಅಲ್ಲಿ ಇಳಿಜಾರು ಚಾವಣಿಗಳಂತೆ, ಹಗ್ಗ ಬೇಕು" ಎಂದು ಬಗ್ಗಿದ. ಒಂದು ಹಗ್ಗ ಸಲೀಸಾಗಿ ಬಂತು. ಇನ್ನೊಂದು ಸಿಕ್ಕಿಕೊಂಡಿತ್ತು. ಅವನು ದಿಬ್ಬಕ್ಕೆ ಕಾಲು ಕೊಟ್ಟು ಜಗ್ಗಿದ. ಹಗ್ಗ ಕಿತ್ತುಕೊಂಡು ಬಂತು. ಪೆಟ್ಟಿಗೆಯ ಒಂದು ತುದಿ ದಬಕ್ಕನೆ ಮಣ್ಣಿಗೆ ಕುಸಿಯಿತು. ಒಳಗೆ ಮೇಸ್ತ್ರಿ ಮತ್ತೆ ಒಂದು ಪಕ್ಕಕ್ಕೆ ಜಾರಿದ.