ಹುಲೆಪ್ಪ ಒಣಗಿಸಿದ ಶುಂಠಿ

ಬನಹಟ್ಟಿಯ ಹುಲೆಪ್ಪನ ಶುಂಠಿ ಚಹಾ ಎಂದರೆ ಸಾಮಾನ್ಯವೇ? ಅದರ ಘಾಟಿಗೆ ಪಕ್ಕದ ಮಗ್ಗಗಳು ಸೀನಿ, ಸೀರೆಯ ಅಂಚೇ ಸೊಟ್ಟಗಾದದ್ದುಂಟು. ಹಿಪ್ಪರಗಿಯಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರಿಗೆ ಒಂದು ಕಪ್ಪು ಸುರಿದರೆ, ಅದು ಡ್ರೈವರನನ್ನೂ ಬಿಟ್ಟು ಜಮಖಂಡಿ ಮುಟ್ಟಿತ್ತು! ಇಂಥ ಹುಲೆಪ್ಪನ ಬುದ್ಧಿ ಒಂದು ಮುಂಜಾನೆ ಬೆರಳುದ್ದದ ಶುಂಠಿಯ ಮುಂದೆ ಕಂಗಾಲಾಗಿ ಕೂತಿತು.

ತೇರದಾಳದ ಅಪ್ಪಾಜಿ ಸಾವಕಾರರು ಅವನ ಚಹಾ ಅಂಗಡಿಗೆ ಬಂದಿದ್ದರು. ಇನ್ನೊಂದು ತಾಸಿನಲ್ಲಿ ಬಸದಿಯಲ್ಲಿ ಪೂಜೆಯ ಹಾಡು ಹೇಳಬೇಕು. ಗಂಟಲು ಪಂಕ್ಚರಾದ ಟೈರಿನಂತೆ ಸುಸ್ ಎನ್ನುತ್ತಿತ್ತು.

"ಕಷಾಯ ಮಾಡೋ ಹುಲೆಪ್ಪಾ. ಒಣಶುಂಠಿ ಹಾಕು. ಹಸೀದು ನಮ್ಮ ಜೈನರಿಗೆ ನಡೆಯಂಗಿಲ್ಲ, ಅದರಾಗ ಜೀವ ಇರತಾವ. ಹುಟ್ಟಿದಾಗಿಂದ ಬಾಯಾಗ ಇಟ್ಟಿಲ್ಲ," ಎಂದು ಪಿಸುಗುಟ್ಟಿದರು.

"ಅದಕ್ಕೇನ್ರಿ!" ಎಂದು ಒಳಗೆ ಹೋದರೆ ಡಬ್ಬಿ ಖಾಲಿ. ಇಲ್ಲ ಎನ್ನುವ ಮಾತು ಹುಲೆಪ್ಪನ ಜಾತಕದಲ್ಲೇ ಇಲ್ಲ. ಹಸಿಶುಂಠಿಯನ್ನೇ ಹಂಚಿನ ಮೇಲಿಟ್ಟು ಒಣಗಿಸತೊಡಗಿದ. ಸಿಪ್ಪೆ ಮುದುಡಿತು. ಚಿವುಟಿದ, ರಸ ಬಂತು. ಇನ್ನಷ್ಟು ಸುಟ್ಟ. ಹೊರಗೆ ಕರಿ, ಒಳಗೆ ಮತ್ತೂ ರಸ. ಈಗ ಇದು ಹಸಿಯದೋ ಒಣಗಿದ್ದೋ? ಜೀವ ಹೋಯಿತೋ, ಅರ್ಧ ಉಳಿಯಿತೋ? ತಲೆ ಗಿರ್ರೆಂದಿತು.

"ಬಿಸಲು ಮಾಡೋ ಕೆಲಸ ನೀವ್ಯಾಕ ಮಾಡಾಕ ಹೋಗೀರಿ?" ಎಂದು ಹೆಂಡತಿ ತಾಯವ್ವ ನಕ್ಕು ಹಿತ್ತಲ ಬಾಗಿಲಿಂದ ಹೊರಗೆ ಹೋದಳು.

ಹುಲೆಪ್ಪ ಅರ್ಧ ತುಂಡು ಜಜ್ಜಿ ಕುದಿಸಿಯೇ ಬಿಟ್ಟ. ಆದರೆ ಸಾವಕಾರರು ಲೋಟವನ್ನು ತುಟಿಗೆ ಒಯ್ದಾಗ, ಅವರ ಜನ್ಮದ ವ್ರತವೇ ತನ್ನ ಹಂಚಿನ ಮೇಲೆ ಸುಡುತ್ತಿರುವಂತೆ ಕಂಡಿತು. ಹಾರಿ ಲೋಟ ಕಸಿದ. ಎಲ್ಲಿ ಚೆಲ್ಲುವುದೆಂದು ತೋಚದೆ ತಾನೇ ಗಟಗಟ ಕುಡಿದ! ಕಣ್ಣಿಂದ ಕೃಷ್ಣೆ ಹರಿದಳು, ಚಿಕ್ಕಪಡಸಲಗಿ ಬ್ಯಾರೇಜೂ ತಡೆಯಲಾರದಷ್ಟು.

"ಲೇ ಹುಲೆಪ್ಪಾ! ಹುಚ್ಚ ಹಿಡದೈತೇನೋ?" ಸಾವಕಾರರು ಗುಡುಗಿದ ಸದ್ದಿಗೆ ಮುಧೋಳದ ನಾಯಿಗಳೆಲ್ಲ ಎದ್ದು ಕೂತವು.

ಪಕ್ಕದ ಬಾಣಂತಿಯ ಮನೆಯಿಂದ ಒಣಶುಂಠಿ ಕೇಳಿ ತಂದ ತಾಯವ್ವ ಬಾಗಿಲಲ್ಲೇ ನಿಂತಳು. "ಇದೇನ್ರಿ ಸಾವಕಾರ್ರ, ಗಂಟಲಾ ಬಿಟ್ಟೈತಲ್ರಿ!"

ಉತ್ತರ ಹೇಳಲು ಹುಲೆಪ್ಪ ಬಾಯಿ ತೆರೆದ. ಬಂದದ್ದು ಬರೀ ಸುಸ್. ಕುಡಿದವನ ಗಂಟಲು ಕಟ್ಟಿತು, ಕುಡಿಯದವರದು ಬಿಟ್ಟಿತು! ಇದ್ಯಾವ ಔಷಧ? ತಪ್ಪೊಪ್ಪಿಕೊಳ್ಳಲು ದನಿಯಿಲ್ಲದೆ, ಹಂಚಿನ ಮೇಲೆ ಉಳಿದ ಕರಿ ತುಂಡನ್ನೇ ತಂದು, ಒಳಗಿನ ರಸ ಕಾಣುವಂತೆ ಚಿವುಟಿ ಅವರೆದುರು ಇಟ್ಟ.

ಸಾವಕಾರರು ಅದನ್ನು ನೋಡಿದರು, ಅವನನ್ನೂ ನೋಡಿದರು.

"ತಾಯವ್ವಾ, ಒಣದ್ದು ಕುದಸವಾ. ಇವಗೂ ಒಂದ್ ಲೋಟ ಕೊಡು."