ಅಳಿಯಂದ್ರ ಕಂಟ್ರೋಲರು

ನೋಡಿ ಸ್ವಾಮಿ, ಹೆಣ್ಣು ನೋಡೋಕೆ ಬಂದಾಗ ನಮ್ಮ ಅಳಿಯಂದ್ರು ಕಾಫಿ ಆರೋದ್ರೊಳಗೆ ಒಪ್ಪಿಬಿಟ್ಟಿದ್ರು. ಅದೇ ಮನುಷ್ಯನಿಗೆ ಒಂದು ಕಂಟ್ರೋಲರ್ ಆರಿಸೋಕೆ ಎರಡು ಯುಗಾದಿ ಕಳೆದ್ರೂ ಆಗ್ಲಿಲ್ಲ ಅಂದ್ರೆ ನನ್ನ ಪಿತ್ತ ನೆತ್ತಿಗೇರೋದು ತಪ್ಪಾ?

ನಾನು ನರಸಪ್ಪ, ಕುಂದಲಹಳ್ಳಿಯವನು. ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಕಟ್ಸಿದೀನಿ. ಮೇಲಿನ ಮನೇಲಿ ಮಗಳು ಆಶಾರಾಣಿ, ಅಳಿಯ ಹರ್ಷವರ್ಧನ್ ಇದಾರೆ. ಅಳಿಯಂದ್ರಿಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಒಳ್ಳೇ ಮನುಷ್ಯ, ಜೋರಾಗಿ ಮಾತಾಡಿದ್ದೇ ಇಲ್ಲ. ಇರೋದು ಒಂದೇ ಹುಚ್ಚು, ನೀರಿನ ಮೇಲೆ ಹಾರೋ ಕರೆಂಟು ಹಲಗೆ.

ಅಗಲವಾದ ಹಲಗೆ, ಅದರಡಿಗೆ ಸೊಂಟದುದ್ದ ಕಂಬ. ಕಂಬದ ತುದೀಲಿ ವಿಮಾನಕ್ಕಿರೋ ಥರ ರೆಕ್ಕೆ, ಪಕ್ಕದಲ್ಲೇ ಮೋಟ್ರು. ಮೋಟ್ರು ತಳ್ಳಿದ್ರೆ ಹಲಗೆ ನೀರು ಬಿಟ್ಟು ಮೇಲಕ್ಕೇಳ್ತದೆ, ನಿಂತೋನು ಗಾಳೀಲಿ ಹೋಗ್ತಾನೆ. ಬ್ಯಾಟರಿಯಿಂದ ಮೋಟ್ರಿಗೆ ಎಷ್ಟು ಕರೆಂಟು ಬಿಡ್ಬೇಕು ಅಂತ ನೋಡ್ಕೊಳ್ಳೋ ಡಬ್ಬೀನೇ ಕಂಟ್ರೋಲರು. ಮೋಟ್ರನ್ನ ಕಂಬಕ್ಕೆ ಕಚ್ಚಿ ಹಿಡಿಯೋದು ಮೌಂಟು. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಇದೆಲ್ಲ ಹೇಳ್ತೀನಿ, ಅಷ್ಟು ಕೇಳಿ ಕಿವಿ ತೂತು ಬಿದ್ದಿದೆ.

ಮೊದಲನೇ ಕಂಟ್ರೋಲರು ಚಿಕ್ಕದಾಯ್ತು. ಟೆರೇಸಿನ ಮೇಲೆ ಡ್ರಮ್ಮಿಗೆ ನೀರು ತುಂಬಿ, ಮೋಟ್ರು ಮುಳುಗಿಸಿ ಓಡಿಸಿದ್ರೆ ಬುಸ್ ಅಂತ ಹೊಗೆ ಬಂತು. ಡ್ರಮ್ಮಿನ ನೀರು ಎಗರಿ, ಒಣಗಾಕಿದ್ದ ಬಾಡಿಗೆಯವರ ಬಟ್ಟೆಯೆಲ್ಲ ಮತ್ತೆ ತೊಪ್ಪೆ. ಎರಡನೇದು ದೊಡ್ಡದೇನೋ ಹೌದು, ಆದ್ರೆ ಕಾದು ಕೆಂಡ ಆಗ್ತದಂತೆ, ಅದನ್ನ ತಣ್ಣಗಿಡೋಕೆ ನೀರಿನ ಪೈಪು ಬೇಕಂತೆ. ಮೌಂಟಿನ ಗೋಳು ಬೇರೆ. ಪ್ಲಾಸ್ಟಿಕ್ಕಿನದು ಬಿರುಕು ಬಿಡ್ತು. ಪೀಣ್ಯದಲ್ಲಿ ಅಲ್ಯುಮಿನಿಯಂನಲ್ಲಿ ಮಾಡಿಸಿದ್ದು ಕಂಬದ ಮೇಲೆ ಜಾರಿ, ಮೋಟ್ರು ಪಕ್ಕಕ್ಕೆ ತಿರುಗಿ ನಿಂತ್ಕೊಳ್ತು. ಒಳಗೆ ರಬ್ಬರ್ ಕೊಟ್ಟು ಬಿಗಿದ ಮೇಲೆ ಗಟ್ಟಿಯಾಗಿ ಕೂತಿತು. ಅಷ್ಟೊತ್ತಿಗೆ ಮೂರನೇ ಕಂಟ್ರೋಲರೂ ಬಂತು, ಡ್ರಮ್ಮಲ್ಲಿ ಸಕ್ಕತ್ತಾಗಿ ಓಡ್ತು.

"ಸರಿ ಅಳಿಯಂದ್ರೇ, ಇನ್ನು ನೀರಿಗಿಳೀರಿ" ಅಂದೆ.

"ಇಲ್ಲ ಮಾವ, ಸ್ಟಾರ್ಟಿಂಗಲ್ಲಿ ಸ್ವಲ್ಪ ಜರ್ಕ್ ಇದೆ. ಇನ್ನೊಂದು ಕಂಟ್ರೋಲರ್ ನೋಡ್ತೀನಿ."

ಮಗ ಆಗಿದ್ರೆ ಕಿವಿ ಹಿಂಡಿ ಕೇಳ್ತಿದ್ದೆ. ಅಳಿಯಂಗೆ ಏನಂತ ಬಯ್ಯೋದು? ಹಲ್ಲು ಕಚ್ಕೊಂಡು ಕೆಳಗಿಳಿದು ಬಂದೆ. "ನೀವ್ಯಾಕೆ ಕುದೀತೀರಿ, ಹಾರೋರು ಅವರು ತಾನೇ" ಅಂದ್ಳು ನನ್ನ ಹೆಂಡ್ತಿ ವಸಂತಮ್ಮ.

ಸುಮ್ನಿದ್ದಿದ್ರೆ ಆಗ್ತಿತ್ತು. ಕಾಡುಗೋಡೀಲಿ ಒಂದು ಗೃಹಪ್ರವೇಶ. ಊಟದ ಸಾಲಲ್ಲಿ ಎದುರಿಗೆ ದಾಯಾದಿ ದೇವರಾಜ್, ನಮ್ಮ ಚಿಕ್ಕಪ್ಪನ ಮಗ. ಅವನ ಅಳಿಯ ಡ್ರೋನ್ ಹಾರಿಸ್ತಾನೆ ಅಂತ ಪಾಯಸ ಬರೋವರೆಗೂ ಕೊರೆದ. ನನ್ನ ಬಾಯಿ ಸುಮ್ನಿರಬೇಕಲ್ಲ!

"ಲೋ ದೇವರಾಜ, ನಿಮ್ಮ ಅಳಿಯ ಡ್ರೋನ್ ಹಾರಿಸ್ತಾನೆ. ನಮ್ಮ ಅಳಿಯ ತಾನೇ ಹಾರ್ತಾರೆ! ಭಾನುವಾರ ತೋಟಕ್ಕೆ ಬಾ, ಎಲ್ರೂ ಬನ್ನಿ, ಕೋಳಿಸಾರು ಮುದ್ದೆ ನಂದು."

ಪಂಕ್ತಿ ಪಂಕ್ತಿಯೇ ಕೇಳಿಸ್ಕೊಳ್ತು. ಇನ್ನು ಅಳಿಯಂದ್ರು ಹಾರಲಿಲ್ಲ ಅಂದ್ರೆ ನೆಂಟರ ಮಧ್ಯೆ ನನ್ನ ಮಾನ ಮೂರು ಕಾಸು. ವಿಷಯ ಹೇಳಿದಾಗ ಅಳಿಯಂದ್ರ ಮುಖ ಬಿಳುಚ್ಕೊಳ್ತು. ಸಂಕೋಚ ಇರ್ಬೇಕು ಅನ್ಕೊಂಡೆ.

ಚಂದಾಪುರದಾಚೆ ನಮ್ಮ ತೋಟ. ತೋಟದ ಅಂಚಿಗೇ ಒಂದು ಕುಂಟೆ, ಈ ಸಲದ ಮಳೆಗೆ ತುಂಬಿ ತುಳುಕ್ತಿತ್ತು. ಭಾನುವಾರ ನೆಂಟರೆಲ್ಲ ಏರಿ ಮೇಲೆ ಸಾಲಾಗಿ ನಿಂತ್ರು. ದೇವರಾಜ ಫೋನ್ ಹಿಡ್ಕೊಂಡು ವಿಡಿಯೋ ಮಾಡೋಕೆ ರೆಡಿ. ಅಳಿಯಂದ್ರು ಹೆಲ್ಮೆಟ್ಟು, ಕಿತ್ತಳೆ ಬಣ್ಣದ ಜಾಕೆಟ್ಟು ಹಾಕ್ಕೊಂಡು ದಡಕ್ಕೆ ಬಂದ್ರು. ನಾನೂ ಹೋಗಿ ಹಲಗೆ ಹಿಡ್ಕೊಂಡೆ.

"ಮಾವ, ಆಳ ಎಷ್ಟು?"

"ಎರಡಾಳುದ್ದ."

"ಇಲ್ಲೇ ಪಕ್ಕದಲ್ಲಿ, ಮೊಣಕಾಲುದ್ದ ನೀರಲ್ಲಿ ಆಗಲ್ವಾ?"

"ಕಂಬ ನೆಲಕ್ಕೆ ತಾಗಲ್ವೇನ್ರೀ? ನೀವೇ ಹೇಳಿದ್ದು."

ಅಳಿಯಂದ್ರು ಹಲಗೇನ ಇನ್ನೂ ದಡದ ಕಡೆಗೇ ಎಳ್ಕೊಂಡ್ರು. ಕಾಲ ಕಡೆ ನೋಡಿದೆ. ಬೆರಳು ಮಡಚಿ ಕೆಸರನ್ನ ಕಚ್ಚಿ ಹಿಡ್ಕೊಂಡಿದ್ರು. ಊರ ಅರ್ಧ ಮಕ್ಕಳಿಗೆ ಈಜು ಕಲಿಸಿದೋನು ನಾನು, ಆ ಬೆರಳು ಏನು ಹೇಳ್ತವೆ ಅಂತ ನಂಗೆ ಚೆನ್ನಾಗಿ ಗೊತ್ತು. ಅಯ್ಯೋ ಶಿವನೇ! ಕೆರೇಲೇ ಬೆಳೆದೋರು ನಾವು, ನೀರಾಟದ ಸಾಮಾನು ಮಾಡೋ ಗಂಡಸಿಗೆ ಈಜು ಬರಲ್ಲ ಅಂತ ತಲೆಗೆ ಹೊಳೆಯೋದಾದ್ರೂ ಹೆಂಗೆ? ಅಷ್ಟೂ ದಿನ ಕಂಟ್ರೋಲರಲ್ಲಿ ಕುಂದು ಹುಡುಕಿದ್ದು ಇದಕ್ಕಾ! ಬಯ್ಯೋಕೆ ಅಂತ ತಲೆ ಎತ್ತಿದ್ರೆ ಆ ಕಣ್ಣು ಕಂಡ್ವು. ಏರಿ ಮೇಲೆ ಮಗಳು ಬೇರೆ ಚಪ್ಪಾಳೆ ಹೊಡೀತಿದ್ಳು.

ತಿರುಗಿ ನಿಂತು ಕೂಗಿದೆ: "ಯಾಕೋ ಕಂಟ್ರೋಲರು ಸರಿ ಇಲ್ಲ ಕಣ್ರಪ್ಪ! ಜರ್ಕ್ ಹೊಡೀತಿದೆ. ಅಳಿಯಂದ್ರು ಹಾರ್ತೀನಿ ಅಂತಾರೆ, ನಾನೇ ಬೇಡ ಅಂದೆ. ನಡೀರಿ, ಮುದ್ದೆ ಆರ್ತದೆ."

ದೇವರಾಜ ಬಿಡ್ತಾನಾ? "ಅಣ್ಣೋ, ಹಾರೋದಿರ್ಲಿ, ಹಲಗೆ ತೇಲೋದೂ ಇಲ್ವಲ್ಲೋ!" ಅಂತ ಏರಿ ಮೇಲಿಂದಲೇ ನಕ್ಕ. ಅವನ ಜೊತೆ ಎಲ್ರೂ ನಕ್ಕರು. ಕೋಳಿಸಾರು ನಂದು, ನಗೋರು ಅವರು. ನಂಗೆ ಒಂದು ತುತ್ತೂ ಇಳೀಲಿಲ್ಲ. ಆಮೇಲೆ ಎಲ್ಲಿ ಹೋದ್ರೂ "ನರಸಣ್ಣ, ಕಂಟ್ರೋಲರ್ ಸಿಕ್ತಾ?" ಅನ್ನೋದೇ ಮಾತು. ಸುಟ್ಟು ಬರ್ತಿತ್ತು. ಆದ್ರೂ ಬಾಯಿ ಬಿಡಲಿಲ್ಲ.

ಮುಂದಿನ ಭಾನುವಾರ ಅಳಿಯಂದ್ರನ್ನ ಒಬ್ಬರನ್ನೇ ತೋಟಕ್ಕೆ ಕರ್ಕೊಂಡು ಹೋದೆ. ಕಂಬ, ರೆಕ್ಕೆ, ಮೋಟ್ರು, ಆ ದರಿದ್ರ ಕಂಟ್ರೋಲರು ಎಲ್ಲ ಬಿಚ್ಚಿ ಪಂಪ್‌ಹೌಸಲ್ಲಿ ಇಟ್ಟೆವು. ಬರೀ ಹಲಗೆ ಹಿಡಿಸಿ, ಹೊಟ್ಟೆ ಕೆಳಗೆ ಕೈ ಕೊಟ್ಟು ಕಾಲು ಬಡಿಸಿದೆ. ಆವತ್ತಿನಿಂದ ಪ್ರತಿ ವಾರ ಇದೇ ಕೆಲಸ. ಕೆಮ್ಮಿದ್ರು, ನೀರು ಕುಡಿದ್ರು, ನನ್ನ ಕತ್ತಿಗೆ ಜೋತುಬಿದ್ದು ಇಬ್ಬರನ್ನೂ ಮುಳುಗಿಸೋಕೆ ನೋಡಿದ್ರು.

ಹಿಂಗೇ ಒಂದು ಭಾನುವಾರ ದೇವರಾಜ ಎಲ್ಲಿಗೋ ಹೋಗ್ತಿದ್ದೋನು ಏರಿ ಮೇಲೆ ಗಾಡಿ ನಿಲ್ಸಿದ. ಜೊತೇಲಿ ಇನ್ನಿಬ್ಬರು ನೆಂಟರು.

"ಏನಣ್ಣೋ, ಇನ್ನೂ ಕಂಟ್ರೋಲರ್ ಬರಲಿಲ್ವಾ? ಹಲಗೆ ಮಾತ್ರ ತೇಲಿಸ್ತಿದೀಯ!"

ನಾನು ಬಾಯಿ ತೆಗೆಯೋದ್ರೊಳಗೆ ಅಳಿಯಂದ್ರು ಹಲಗೆ ಮೇಲಿಂದ ತಲೆ ಎತ್ತಿದ್ರು. ಜನ್ಮದಲ್ಲಿ ಜೋರಾಗಿ ಮಾತಾಡದ ಮನುಷ್ಯ, ಕುಂಟೆ ಆಚೆ ದಡಕ್ಕೂ ಕೇಳೋ ಹಾಗೆ ಕಿರುಚಿದ್ರು.

"ಕಂಟ್ರೋಲರ್ ಆವತ್ತೂ ಸರಿಯಾಗೇ ಇತ್ತು ದೇವರಾಜ್ ಅಂಕಲ್! ನಂಗೆ ಈಜು ಬರ್ತಿರಲಿಲ್ಲ, ಹೆದರ್ಕೊಂಡೆ! ಮಾವ ನನ್ನ ಮರ್ಯಾದೆ ಉಳಿಸೋಕೆ ಸುಳ್ಳು ಹೇಳಿದ್ರು!"

ದೇವರಾಜ ಗಾಡಿ ಸ್ಟಾರ್ಟ್ ಮಾಡ್ಕೊಂಡು ಹೊರಟ. ನನ್ನ ಮುಖದ ಮೇಲೆ ಕುಂಟೆ ನೀರು ಇದ್ದಿದ್ದು ಒಳ್ಳೇದಾಯ್ತು.

"ಬಾಯಿ ಮುಚ್ಕೊಂಡು ಕಾಲು ಬಡಿಯೋ, ನೀರು ಕುಡೀತೀಯ" ಅಂದೆ.