ಚೀಲದ ಮೇಲಿನ ಗೆರೆ

ದೊಡ್ಡ ಹೆಸರಿನ ಸಭೆಗಳಿಗೆ ನಾನು ಹೋಗುವವನಲ್ಲ. ಜೀವಮಾನವಿಡೀ ವಿಮೆ ಮಾರಿದವನಿಗೆ ಅಲ್ಲೇನು ಕೆಲಸ? ಆದರೆ ಪಿಎಚ್.ಡಿ. ಮಾಡುತ್ತಿದ್ದ ತಂಗಿಯ ಮಗಳು ಬಂದು, ನಾನು ಮಾತಾಡುವಾಗ ಎದುರುಗಡೆ ನಮ್ಮವರದ್ದು ಅಂತ ಒಂದು ಮುಖ ಇರಲಿ ಬಾ ಮಾವ ಅಂದಳು, ಹೋದೆ. ಸಂಕೀರ್ಣ ವ್ಯವಸ್ಥೆಗಳ ಮರುಕಳಿಕೆ ವಿಶ್ಲೇಷಣೆಯ ಸಮ್ಮೇಳನವಂತೆ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರುತ್ತದೆ.

ವಿಷಯವೇನೋ ಸುಲಭದ್ದೇ. ಗಾಳಿಯ ವೇಗವನ್ನು ವರ್ಷಗಟ್ಟಲೆ ಅಳೆಯುತ್ತಾರೆ. ಈ ಹೊತ್ತಿನ ಗಾಳಿ ಹಿಂದೆ ಯಾವಾಗಲೋ ಬೀಸಿದ ಹಾಗೇ ಬೀಸಿದರೆ ಒಂದು ಚೌಕದೊಳಗೆ ಚುಕ್ಕೆ ಇಡುತ್ತಾರೆ. ಚುಕ್ಕೆಗಳು ಕೂಡಿ ಓರೆಗೆರೆಯಾದರೆ, ಗಾಳಿ ತನ್ನ ಹಳೆಯ ದಾರಿಯನ್ನೇ ಮತ್ತೆ ತುಳಿಯಿತು ಎಂದರ್ಥ. ತುಂಡು ಗೆರೆಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಇವಳ ಗೈಡಿಗೆ ಮಾತ್ರ ಎಲ್ಲೂ ಮುರಿಯದ ಉದ್ದನೆಯ ಗೆರೆ ಸಿಕ್ಕಿತ್ತು. ಆ ಗೆರೆ ಹಿಡಿದುಕೊಂಡೇ ಮೇಲೆ ಹತ್ತಿದ ಮನುಷ್ಯ ಅವನು. ನಾನವನನ್ನು ಗಾಳಿರಾಯ ಅನ್ನುತ್ತೇನೆ. ಬಂದವರಿಗೆಲ್ಲ ಹಂಚಿದ ಬಟ್ಟೆಚೀಲದ ಮೇಲೂ ಅದೇ ಗೆರೆ ಅಚ್ಚಾಗಿತ್ತು. ಪಂಡಿತರೆಲ್ಲ ಅದನ್ನು ಹೆಗಲಿಗೆ ನೇತುಹಾಕಿಕೊಂಡು ತಿಂಡಿಯ ಸಾಲಿನಲ್ಲಿ ತಳ್ಳಾಡುತ್ತಿದ್ದರು.

ತಿಂಡಿ ತಿನ್ನುವಾಗಲೇ ಹುಡುಗಿ ನನಗೆ ಒಳಗಿನ ಸಂಗತಿ ಹೇಳಿದ್ದು. ಆ ಗೆರೆ ಸುಳ್ಳು. ಅಳೆಯುವ ಯಂತ್ರ ಕೆಟ್ಟು ರಿಪೇರಿಗೆ ಹೋಗಿತ್ತು. ಲೆಕ್ಕ ಹಾಕುವ ಕಂಪ್ಯೂಟರಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲವಂತೆ, ಅಲ್ಲೇ ನಿಂತುಬಿಡುತ್ತದೆ. ಅದಕ್ಕೆ ಗಾಳಿ ಅಳೆಯುವ ಕೇಂದ್ರದವರು ಹಿಂದಿನ ವರ್ಷದ ಅಂಕಿಗಳನ್ನೇ ಎತ್ತಿ ಆ ಜಾಗಕ್ಕೆ ತುಂಬಿದ್ದರು. ಹಳೆಯ ಗಾಳಿಯನ್ನು ಹಳೆಯ ಗಾಳಿಯ ಜೊತೆಗೇ ಹೋಲಿಸಿದರೆ ಗೆರೆ ಮುರಿಯುವುದಾದರೂ ಹೇಗೆ? ಒಂದು ಹಕ್ಕಿ ಯಂತ್ರದ ಮೇಲೆ ಕೂತು ಗಾಳಿ ನಿಂತಂತೆ ದಾಖಲಾಗಿತ್ತಂತೆ. ಆ ಹಕ್ಕಿಯೂ ಮರುವರ್ಷ ಅದೇ ಗಳಿಗೆಗೆ ಬಂದು ಕೂತಿತ್ತು! ಇವಳಿಗೆ ಅನುಮಾನ ಬಂದದ್ದೇ ಅಲ್ಲಿ. ವಿಚಾರಿಸಿದಾಗ ಕೇಂದ್ರದವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು.

ಇದನ್ನೆಲ್ಲ ಗಾಳಿರಾಯನಿಗೆ ಹೇಳಿದರೆ ಅವನಂದದ್ದು ಏನು ಗೊತ್ತೇ? "ಮೊದಲು ನಿನ್ನ ಪ್ರಬಂಧಕ್ಕೆ ಸಹಿ ಆಗ್ಲಿ. ನಿಜ ಏನೂಂತ ಆಮೇಲೆ ನೋಡೋಣ."

ಇವಳು ಸಮ್ಮೇಳನದಲ್ಲಿ ಆ ಗೆರೆ ತೋರಿಸಿ, ನನ್ನ ಲೆಕ್ಕವೂ ಇದನ್ನೇ ಹೇಳುತ್ತದೆ ಅಂದರೆ ಸಂಜೆಗೆ ಸಹಿ. ಇಲ್ಲದಿದ್ದರೆ ಬೇರೆ ಗೈಡನ್ನು ಹುಡುಕಿಕೊಂಡು ಮೊದಲಿನಿಂದ ಶುರು ಮಾಡಬೇಕು, ಇಷ್ಟು ವರ್ಷದ ದುಡಿಮೆ ನೀರುಪಾಲು. ತೋರಿಸಿ ಕೈತೊಳ್ಕೋ ಅಂತ ನಾನೇ ಬುದ್ಧಿ ಹೇಳಿದೆ. ಅವಳು ಚಹಾ ಕಲಕುತ್ತಾ ಕೂತಳು. ಅದರಲ್ಲಿ ಸಕ್ಕರೆಯನ್ನೇ ಹಾಕಿರಲಿಲ್ಲ.

ಅವಳ ಸರದಿ ಊಟಕ್ಕೆ ಮುಂಚೆ. ಅಧ್ಯಕ್ಷ ಯಾರು? ಗಾಳಿರಾಯನೇ. ಮುಂದಿನ ಸಾಲಿನ ಹಿರಿಯರು ಆಗಲೇ ತೂಕಡಿಸುತ್ತಿದ್ದರು. ಇವಳು ಗೆರೆ ತೋರಿಸಿದಳು. ಗಾಳಿರಾಯ ಮದುಮಗನ ಹಾಗೆ ಅರಳಿದ. ಆಮೇಲೆ, ತುಂಬಿಸಿದ ಅಂಕಿಗಳನ್ನು ತೆಗೆದುಹಾಕಿದ ಚಿತ್ರ ತೋರಿಸಿದಳು. ಗೆರೆ ಮಾಯ. ಅದಿದ್ದ ಕಡೆ ಸುಣ್ಣ ಬಳಿದಂಥ ಬಿಳಿ ಪಟ್ಟಿ.

ಈಗ ಇವನು ಮುಖ ಎಲ್ಲಿಡುತ್ತಾನೆ ಅಂತ ನಾನು ಕುರ್ಚಿಯ ತುದಿಗೆ ಸರಿದೆ. ಇಡುವ ಪ್ರಸಂಗವೇ ಬರಲಿಲ್ಲ. ಎದ್ದು ನಿಂತು ಮೈಕು ಹಿಡಿದ. ತಮ್ಮ ತಂಡ ಬಹುಕಾಲದಿಂದ ಹುಡುಕುತ್ತಿದ್ದದ್ದು ಇದನ್ನೇ, ಗಾಳಿ ತನ್ನನ್ನು ನೆನಪಿಟ್ಟುಕೊಳ್ಳುತ್ತದೆ ಎಂಬುದು ಹಳೆಯ ಮಾತು, ಈ ಬಿಳಿ ಪಟ್ಟಿಯೇ ಗಾಳಿಯ ಮರೆವು ಎಂದ. ನಾನೂ ಎಷ್ಟೋ ಜನಕ್ಕೆ ಬೇಡದ ವಿಮೆ ತಗುಲಿಸಿದವನೇ, ಆದರೆ ಇಲ್ಲದ ಗಾಳಿಯನ್ನು ಮಾರುವ ತಾಕತ್ತು ನನಗಿರಲಿಲ್ಲ. ಚಪ್ಪಾಳೆಗೆ ಹಿರಿಯರು ಎಚ್ಚರಾಗಿ ತಾವೂ ತಟ್ಟಿದರು.

ಹುಡುಗಿ ಬಾಯಿಮುಚ್ಚಿಕೊಂಡು ಕೆಳಗಿಳಿದಿದ್ದರೆ ಸಹಿ ಕೈಗೆ ಬಂದಹಾಗೇ. ಇಳಿಯಲಿಲ್ಲ. "ಗಾಳಿ ಏನೂ ಮರೆತಿಲ್ಲ ಸರ್, ಯಂತ್ರ ರಿಪೇರಿಗೆ ಹೋಗಿತ್ತು" ಅಂದಳು.

ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು. ತಮಾಷೆ ಅಂದುಕೊಂಡರು ಪುಣ್ಯಾತ್ಮರು! ಎಲ್ಲರಿಗಿಂತ ಜೋರಾಗಿ ನಕ್ಕವನು ಗಾಳಿರಾಯ. ನಗುತ್ತಲೇ ಊಟಕ್ಕೆ ಎಬ್ಬಿಸಿದ.

ಊಟದಲ್ಲಿ ತಟ್ಟೆ ಹಿಡಿದುಕೊಂಡು ನಾವಿದ್ದಲ್ಲಿಗೇ ಬಂದ. ಸಹಿ ಮಾಡುತ್ತಾನಂತೆ, ಬಿಳಿ ಪಟ್ಟಿಯ ಲೇಖನದಲ್ಲಿ ಅವನ ಹೆಸರಿನ ಕೆಳಗೆ ಇವಳ ಹೆಸರೂ ಇರುತ್ತದಂತೆ. "ಆ ರಿಪೇರಿ ಮಾತೊಂದು ಪ್ರಬಂಧದಲ್ಲಿ ಬೇಡಮ್ಮ" ಅಂದ.

"ನಂದು ಅಂತ ಇರೋದು ಅದೊಂದೇ ಮಾತು ಸರ್. ಮಿಕ್ಕಿದ್ದೆಲ್ಲ ನಿಮ್ದೇ, ಇಟ್ಕೊಳ್ಳಿ."

ಅವನು ತಟ್ಟೆ ನೋಡಿದ, ನನ್ನನ್ನು ನೋಡಿದ. ಇವರು ಯಾರು ಅಂತ ಕೇಳಿದ. ಸೋದರಮಾವ ಅಂದೆ. ನೀವಾದ್ರೂ ಬುದ್ಧಿ ಹೇಳಿ ಅಂದ. ಬೆಳಿಗ್ಗೆ ಹೇಳಿ ಮುಗಿಸಿದ್ದೇನೆ, ಕೇಳುವ ಜಾತಿಯಲ್ಲ ಅಂದೆ. ಸಿಹಿ ಹಾಕಿಸಿಕೊಳ್ಳಲು ಹೋದವನು ತಿರುಗಿ ಬರಲಿಲ್ಲ. ಸಹಿಯೂ ಬರಲಿಲ್ಲ.

ಹುಡುಗಿ ಈಗ ಬೇರೆ ಗೈಡಿನ ಹತ್ತಿರ ಮೊದಲಿನಿಂದ ಶುರು ಮಾಡಿದ್ದಾಳೆ. ಯಂತ್ರ ರಿಪೇರಿಯಲ್ಲಿತ್ತು ಎನ್ನುವುದೇ ಪ್ರಬಂಧದ ಮೊದಲ ವಾಕ್ಯವಂತೆ. ಅವಳಮ್ಮ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಜೊತೆಗಿದ್ದೂ ತಡೆಯಲಿಲ್ಲ ಅಂತ.

ಗಾಳಿರಾಯ ಈ ವರ್ಷವೂ ಸಮ್ಮೇಳನ ನಡೆಸಿದ. ವಿಷಯ, ಗಾಳಿಯ ಮರೆವು. ಚೀಲದ ಮೇಲೆ ಬಿಳಿ ಪಟ್ಟಿ ಬಂದಿದೆ. ಹೋದ ಸಲ ಹೆಸರು ಬರೆಸಿದ್ದಕ್ಕೋ ಏನೋ, ನನಗೂ ಒಂದು ಚೀಲ ಅಂಚೆಯಲ್ಲಿ ಬಂತು. ಈರುಳ್ಳಿ ತುಂಬಿ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದೇನೆ. ಬಟ್ಟೆ ತೆಳು, ಗಾಳಿಯಾಡುತ್ತದೆ, ಕೊಳೆಯುವುದಿಲ್ಲ.